ನನ್ನ ಕಲ್ಪಿತ ನಾಡಲ್ಲಿ ಹೊಳೆಗಳು ಸರಿಯಾಗಿ ಹರೀತಿವೆಯಾ? ಇರುಳಸೀಮೆಯ ನಕ್ಷೆ ನೋಡಿ ಹೇಳಿ

ನಕ್ಷೆಪೆಟ್ಟಿಗೆ

ಒಂದು ಫ್ಯಾಂಟಸಿ ಕಥಾಮಾಲೆಗೂ ಅದೇ ಲೋಕದ ರೋಲ್‌ಪ್ಲೇ ಆಟಕ್ಕೂ ಅಂತ ಒಂದು ನಾಡಿನ ನಕ್ಷೆ ಬರೆದಿದ್ದೇನೆ. ಹೆಸರು ಇರುಳಸೀಮೆ. ಚಿತ್ರ ಇನ್ನೂ ಒರಟಾಗಿದೆ, ಹಾಗಾಗಿ ಮಾತಲ್ಲೇ ಹೇಳ್ತೀನಿ.

ಪಡುವಣಕ್ಕೂ ಮೂಡಣಕ್ಕೂ ಕಡಲು, ನಡುವೆ 500 ಕಿ.ಮೀ. ನೆಲ. ಪಡುಗಡಲಿಂದ 40 ಕಿ.ಮೀ. ಒಳಗೆ ಕೋಡುಗಲ್ಲು ಬೆಟ್ಟಸಾಲು ತೆಂಕಣದಿಂದ ಬಡಗಣಕ್ಕೆ ಚಾಚಿದೆ, ಎತ್ತರ 1,100 ಮೀಟರ್. ಅದರಾಚೆ ಪ್ರಸ್ಥಭೂಮಿ. ಮಳೆಗಾಳಿ ಪಡುವಣದಿಂದ ಬೀಸುತ್ತೆ. ದೊಡ್ಡ ನದಿ ಬೆಳ್ದೊರೆ ಪ್ರಸ್ಥಭೂಮಿಯ ನಡುವೆ ಹುಟ್ಟಿ, ಎರಡಾಗಿ ಸೀಳಿ, ಒಂದು ಕವಲು ಪಡುಗಡಲಿಗೆ, ಇನ್ನೊಂದು ಮೂಡುಗಡಲಿಗೆ ಸೇರುತ್ತೆ. ತೆಂಕಣದಲ್ಲಿ ಏಳುಮಡು ಅನ್ನೋ ಸರೋವರ, ಅದರಿಂದ ಮೂರು ಹೊಳೆ ಹೊರಡುತ್ತವೆ. ಬೆಟ್ಟದ ಬುಡದಲ್ಲಿ, ಕಡಲ ಕಡೆಗೆ, ಒಣಮಾಳ ಅನ್ನೋ ಮರುಭೂಮಿ. ರಾಜಧಾನಿ ಹೊನ್ನಗೂಡಲು 250 ಮೀಟರ್ ಜಲಪಾತದ ನೆತ್ತಿಯ ಮೇಲಿದೆ. ಪಡುಗಡಲ ಬಂದರು ಉಪ್ಪಳಿವೆಯಿಂದ ಹಡಗುಗಳು ಬೆಳ್ದೊರೆ ಹಿಡಿದು ರಾಜಧಾನಿಗೆ ಬರುತ್ತವೆ. ಆಕಾಶದಲ್ಲಿ ಎರಡು ಚಂದ್ರ.

ಎಲ್ಲೆಲ್ಲಿ ತಪ್ಪಿದೆ ಹೇಳಿ. ಬಂದರಿನಿಂದ ರಾಜಧಾನಿಗೆ ಎಷ್ಟು ದಿನದ ಪಯಣ ಅಂತ ಬರೆಯಲಿ?

ತೊರೆಸಾಲು

ಹೆಸರುಗಳು ಬಹಳ ಚೆನ್ನಾಗಿವೆ. ಹೊಳೆಗಳು ಮಾತ್ರ ಉಲ್ಟಾ ಹರೀತಿವೆ.

ಹೊಳೆಗಳು ಸೇರುತ್ತಾ ಹೋಗುತ್ತವೆ, ಸೀಳುತ್ತಾ ಅಲ್ಲ. ತುಂಗೆ, ಭದ್ರೆ ಎರಡೂ ಗಂಗಾಮೂಲದಲ್ಲಿ ಹುಟ್ಟಿ ಬೇರೆ ಬೇರೆ ದಾರಿ ಹಿಡಿದು ಕೂಡ್ಲಿಯಲ್ಲಿ ಒಂದಾಗುತ್ತವೆ, ಆ ತುಂಗಭದ್ರೆ ಮುಂದೆ ಕೃಷ್ಣೆಗೆ ಸೇರುತ್ತೆ. ನೀರು ಎರಡು ದಾರಿ ಹಿಡಿದರೂ ಒಂದು ದಾರಿ ಒಂದು ಗೇಣು ತಗ್ಗಿದ್ದೇ ಇರುತ್ತೆ. ಮಳೆಗಾಲದ ರಭಸ ಆ ತಗ್ಗನ್ನೇ ಇನ್ನೂ ಕೊರೆಯುತ್ತೆ. ಕೆಲವು ಮಳೆಗಾಲ ಕಳೆದರೆ ಎರಡನೇ ದಾರಿ ಒಣಗಿ ಹುಲ್ಲು ಬೆಳೆಯುತ್ತೆ.

ಏಳುಮಡುವಿಗೂ ಇದೇ ಮಾತು. ಸರೋವರ ತುಂಬಿದಾಗ ಅಂಚಿನ ಅತಿ ತಗ್ಗಿನ ಜಾಗದಲ್ಲಿ ನೀರು ಉಕ್ಕುತ್ತೆ. ಉಕ್ಕಿದಲ್ಲಿ ಕೊರೆಯುತ್ತೆ, ಕೊರೆದಷ್ಟೂ ಸರೋವರದ ಮಟ್ಟ ಇಳಿಯುತ್ತೆ, ಮಿಕ್ಕ ಎರಡು ಬಾಯಿಗೆ ನೀರು ಮುಟ್ಟೋದೇ ಇಲ್ಲ. ಒಳಗೆ ಬರೋ ಹೊಳೆ ಹತ್ತು ಇರಲಿ, ಹೊರಗೆ ಹೋಗೋದು ಒಂದೇ.

ಅಳಿವೆಕಡೆ

ಸೀಳೋದೇ ಇಲ್ಲ ಅಂದ್ರೆ ಹೇಗೆ ಮಾರಾಯ್ರೆ? ಕಾವೇರಿ ಶ್ರೀರಂಗಪಟ್ಟಣದಲ್ಲಿ ಸೀಳುತ್ತೆ, ಶಿವನಸಮುದ್ರದಲ್ಲಿ ಸೀಳಿ ಗಗನಚುಕ್ಕಿ, ಭರಚುಕ್ಕಿ ಆಗಿ ಧುಮುಕುತ್ತೆ.

ತೊರೆಸಾಲು

ಅಲ್ಲಿ ಸೀಳಿದ್ದು ಕೆಳಗೆ ಮತ್ತೆ ಕೂಡುತ್ತಲ್ಲ. ಅದು ನಡುಗಡ್ಡೆ ಬಳಸಿ ಹೋಗೋದು. ಮತ್ತೆ ಕೂಡದ ಹಾಗೆ ಸೀಳೋದು ಕಡಲ ಹತ್ತಿರದ ಚಪ್ಪಟೆ ನೆಲದಲ್ಲಿ. ಹೊತ್ತು ತಂದ ಮಣ್ಣನ್ನು ಹೊಳೆ ತನ್ನ ಪಾತ್ರದಲ್ಲೇ ಸುರಿದು, ಪಾತ್ರ ಅಕ್ಕಪಕ್ಕದ ನೆಲಕ್ಕಿಂತ ಮೇಲೆದ್ದು, ದಂಡೆ ಒಡೆದಾಗ ಹೊಸ ಕವಲು ಹುಟ್ಟುತ್ತೆ. ತಮಿಳುನಾಡಿನಲ್ಲಿ ಶ್ರೀರಂಗದ ಬಳಿ ಕೊಳ್ಳಿಡಂ ಬೇರೆಯಾದ ಮೇಲೆ ಕಾವೇರಿ ಕವಲೊಡೆಯೋದು ಹೀಗೇ.

ಒಂದೇ ಹೊಳೆ ಎರಡು ನದಿಗಳಿಗೆ ಹಂಚಿಹೋಗೋ ದೊಡ್ಡ ಉದಾಹರಣೆ ದಕ್ಷಿಣ ಅಮೆರಿಕದ ಕಾಸಿಕಿಯಾರೆ. ಒರಿನೋಕೊ ನದಿಯ ಸ್ವಲ್ಪ ನೀರು 300 ಕಿ.ಮೀ.ಗೂ ಉದ್ದದ ಆ ಕವಲಲ್ಲಿ ಹರಿದು ರಿಯೋ ನೀಗ್ರೋ ಮೂಲಕ ಅಮೆಜಾನ್ ಸೇರುತ್ತೆ. ಆ ನೆಲ ಎಷ್ಟು ಚಪ್ಪಟೆ ಅಂದರೆ ಎರಡು ನದಿಗಳ ನಡುವೆ ದಿಬ್ಬ ಅನ್ನೋದೇ ಇಲ್ಲ. ಇರುಳಸೀಮೆಯಲ್ಲಿ ನಡುವೆ 1,100 ಮೀಟರ್ ಬೆಟ್ಟ ಕೂತಿದೆ, ಆ ಉದಾಹರಣೆ ನಡೆಯಲ್ಲ.

ಮಲೆಮಳೆ

ಬೆಳ್ದೊರೆ ಹುಟ್ಟೋ ಜಾಗವೇ ತಪ್ಪು ಅನ್ನೋದು ಯಾರೂ ಹೇಳಲಿಲ್ಲ. ಪ್ರಸ್ಥಭೂಮಿಯ ನಡುವೆ ಯಾಕೆ ಹುಟ್ಟಿಸಿದಿರಿ? ಮಳೆ ಸುರಿಯೋದು ಕೋಡುಗಲ್ಲಿನ ಮೇಲೆ. ಅದರ ಪೂರ್ವದ ಮಗ್ಗುಲಲ್ಲಿ ಹುಟ್ಟಿಸಿ ಮೂಡುಗಡಲ ತನಕ ಕರೆದುಕೊಂಡು ಹೋಗಿ. ತಲಕಾವೇರಿಯಿಂದ ಅರಬ್ಬಿ ಸಮುದ್ರಕ್ಕೆ ನೇರ ಗೆರೆ ಎಳೆದರೆ 50 ಕಿ.ಮೀ. ಆಚೀಚೆ. ಆದರೂ ಕಾವೇರಿ ಬೆನ್ನು ತಿರುಗಿಸಿ 800 ಕಿ.ಮೀ. ನಡೆದು ಬಂಗಾಳ ಕೊಲ್ಲಿ ಸೇರುತ್ತೆ. ನೀರಿಗೆ ಕಡಲು ಎಷ್ಟು ಹತ್ತಿರ ಅನ್ನೋದು ಗೊತ್ತಿಲ್ಲ, ಇಳಿಜಾರು ಯಾವ ಕಡೆ ಅನ್ನೋದೊಂದೇ ಗೊತ್ತು.

ಇನ್ನು ಒಣಮಾಳ. ಮಳೆಗಾಳಿ ಪಡುವಣದ್ದು ಅಂತ ನೀವೇ ಬರೆದಿದ್ದೀರಿ. ಹಾಗಾದರೆ ಬೆಟ್ಟದ ಪಡುಮಗ್ಗುಲು ಹಸಿರೋ ಹಸಿರು. ಆಗುಂಬೆಗೆ ವರ್ಷಕ್ಕೆ 7,000 ಮಿ.ಮೀ. ಮೀರಿ ಮಳೆ. ಘಟ್ಟ ದಾಟಿ ಪೂರ್ವಕ್ಕೆ ಚಳ್ಳಕೆರೆಗೆ ಬಂದರೆ 500 ಮಿ.ಮೀ. ಆಸುಪಾಸು. ಮರುಭೂಮಿ ಬೇಕೇ ಬೇಕು ಅಂದರೆ ಬೆಟ್ಟದ ಮರೆಗೆ, ಪೂರ್ವಕ್ಕೆ ಎತ್ತಿಡಿ.

ಎರೆಹೊಲ

ಅಲ್ರೀ, ಪಡುಗಡಲ ದಂಡಿಗೆ ಮರುಭೂಮಿ ಇರೂದಿಲ್ಲ ಅಂತ ಯಾರ್ ಹೇಳಿದ್ರು? ಚಿಲಿಯೊಳಗ ಅಟಕಾಮ ಐತಿ, ಆಫ್ರಿಕಾದಾಗ ನಮೀಬ್ ಐತಿ. ಎರಡೂ ಕಡಲ ದಂಡಿಗೇ ಅದಾವ.

ಮಲೆಮಳೆ

ಅವು ಅಲ್ಲಿರೋದಕ್ಕೆ ಕಾರಣ ತಣ್ಣನೆಯ ಸಾಗರಪ್ರವಾಹ. ನಮೀಬ್‌ಗೆ ಬೆಂಗುವೆಲಾ, ಅಟಕಾಮಕ್ಕೆ ಹಂಬೋಲ್ಟ್. ಕಡಲು ತಣ್ಣಗಿದ್ದರೆ ಮೇಲಿನ ಗಾಳಿ ಏರಲ್ಲ, ಮೋಡ ಕಟ್ಟಿ ಸುರಿಯಲ್ಲ, ಮಂಜು ಮಾತ್ರ ಬರುತ್ತೆ. ಇರುಳಸೀಮೆಯ ಪಡುಗಡಲನ್ನು ತಣ್ಣಗೆ ಮಾಡಿದರೆ ಒಣಮಾಳ ಉಳಿಯುತ್ತೆ ಸರಿ, ಆದರೆ ಕೋಡುಗಲ್ಲಿಗೂ ಮಳೆ ಇಲ್ಲ. ಆಮೇಲೆ ಬೆಳ್ದೊರೆಗೆ ನೀರು ಎಲ್ಲಿಂದ?

ಎರೆಹೊಲ

ಹಾಂ, ಇದು ಖರೇ. ಎರಡರಾಗ ಒಂದು ಆರಿಸ್ಕೋಬೇಕು.

ಕಥೆಮೊದಲು

ಇಷ್ಟೆಲ್ಲ ಯಾಕೆ? ಇದು ಮಾಯಾಲೋಕ. ಡ್ರ್ಯಾಗನ್ ಹಾರೋದನ್ನ ಒಪ್ಪೋ ಓದುಗ ಹೊಳೆ ಎರಡಾಗಿದ್ದಕ್ಕೆ ಪುಸ್ತಕ ಮುಚ್ಚಿಡ್ತಾನಾ?

ತೂಬುಗಂಡಿ

ಮುಚ್ಚಿಡಲ್ಲ, ನಂಬೋದು ಬಿಡ್ತಾನೆ. ನಮ್ಮ ಓದುಗರಲ್ಲಿ ಬಹುಪಾಲು ಜನ ಕೆರೆ, ಕಾಲುವೆ, ನೀರಿನ ಸರದಿ ಜಗಳ ನೋಡಿಕೊಂಡೇ ಬೆಳೆದವರು. ನೀರು ಹೇಗೆ ನಡೆದುಕೊಳ್ಳುತ್ತೆ ಅಂತ ಅವರಿಗೆ ಹೇಳಿಕೊಡಬೇಕಾಗಿಲ್ಲ.

ಮಾಯೆಯಿಂದಲೇ ಹೊಳೆ ಸೀಳಬೇಕಾ? ಸೀಳಿ, ತಕರಾರಿಲ್ಲ. ಆದರೆ ಮಂತ್ರದ ಕಲ್ಲೊಂದು ಅರ್ಧ ನೀರನ್ನು ಪಡುವಣಕ್ಕೆ ಎತ್ತುತ್ತೆ ಅಂದರೆ ಮೂಡಣದವರಿಗೆ ಅರ್ಧ ನೀರು ಕಮ್ಮಿ ಆಯ್ತು. ಆ ಕಲ್ಲಿಗೆ ಕಾವಲು ಯಾರು? ಬರಗಾಲದಲ್ಲಿ ಅದನ್ನು ಯಾರು ತಿರುಗಿಸ್ತಾರೆ? ಇಷ್ಟು ಬರೆದರೆ ಅದೇ ಕಥೆಯಾಗುತ್ತೆ. ನೀರು ಸುಮ್ಮನೆ ಬೆಟ್ಟ ಹತ್ತಿತು ಅಂದರೆ ಬರೀ ತಪ್ಪು.

ಕಥೆಮೊದಲು

ಕಲ್ಲಿನ ಕಾವಲು... ಇದು ನನಗೆ ಹಿಡಿಸಿತು. ನಕ್ಷೆಪೆಟ್ಟಿಗೆಯವರೇ, ಇದನ್ನು ಬಿಡಬೇಡಿ.

ನಕ್ಷೆಪೆಟ್ಟಿಗೆ

ಬರೆದಿಟ್ಟುಕೊಂಡೆ. ಹಾಗಾದರೆ ನಕ್ಷೆಯನ್ನು ಮೊದಲಿಂದ ಬರೆಯೋದಾದರೆ ಯಾವುದು ಮೊದಲು, ಯಾವುದು ಆಮೇಲೆ?

ತೊರೆಸಾಲು

ಹೊಳೆ ಕೊನೆಗೆ. ಮೊದಲು ಕಡಲ ಗೆರೆ, ಆಮೇಲೆ ಬೆಟ್ಟದ ನೆತ್ತಿಗೆರೆ. ನಂತರ ನಕ್ಷೆ ಮೇಲೆ 20 ಕಿ.ಮೀ.ಗೆ ಒಂದರಂತೆ ಚುಕ್ಕಿ ಇಟ್ಟು ಪ್ರತಿ ಚುಕ್ಕಿಗೂ ಎತ್ತರ ಬರೆಯಿರಿ. 100 ಮೀಟರಿಗೊಂದು ಸಮೋನ್ನತಿ ಗೆರೆ, ಅಂದರೆ ಒಂದೇ ಎತ್ತರದ ಜಾಗಗಳನ್ನು ಸೇರಿಸೋ ಗೆರೆ ಎಳೆಯಿರಿ. ಗಾಳಿಯ ದಿಕ್ಕಿಗೆ ಬಾಣ ಹಾಕಿ, ಮಳೆ ಬೀಳೋ ಜಾಗಕ್ಕೆ ನೀಲಿ ಬಳಿಯಿರಿ. ಈಗ ನೀಲಿ ಜಾಗದಿಂದ ಪೆನ್ಸಿಲ್ ಇಟ್ಟು, ಪ್ರತಿ ಸಲ ಪಕ್ಕದ ಚುಕ್ಕಿಗಳಲ್ಲಿ ಅತಿ ತಗ್ಗಿನದಕ್ಕೆ ಇಳಿಯಿರಿ. ಎಲ್ಲ ಪಕ್ಕವೂ ಎತ್ತರ ಇರೋ ಚುಕ್ಕಿಗೆ ಬಂದು ನಿಂತರೆ ಅಲ್ಲಿ ಸರೋವರ. ತುಂಬಿಸಿ, ಅತಿ ತಗ್ಗಿನ ಅಂಚಿನಿಂದ ಹೊರಬಿಡಿ.

ಸಾಮಾನ್ಯವಾಗಿ ಎಡವೋದು ಸಮೋನ್ನತಿ ಗೆರೆಯಲ್ಲಿ. ಗೆರೆ ಹೊಳೆಯನ್ನು ದಾಟುವಾಗ ಬಾಣದ ಮೊನೆಯಂತೆ ಬಾಗುತ್ತೆ, ಆ ಮೊನೆ ಹೊಳೆ ಬರೋ ಕಡೆಗೆ, ಅಂದರೆ ಮೇಲಕ್ಕೆ ನೋಡಬೇಕು. ಕೆಳಕ್ಕೆ ನೋಡಿದರೆ ನಿಮ್ಮ ಹೊಳೆ ದಿಬ್ಬದ ಬೆನ್ನ ಮೇಲೆ ಹರೀತಿದೆ ಅಂತ ಅರ್ಥ.

ಹೇರೆತ್ತು

ಕಾಗದ ಬೇಸರ ಆದರೆ ಮರಳಲ್ಲಿ ಮಾಡಿ ನೋಡಿ. ಎರಡು ಅಡಿ ಅಗಲ, ಮೂರು ಅಡಿ ಉದ್ದದ ತಟ್ಟೆಗೆ ಎರಡು ಇಂಚು ಸಣ್ಣ ಮರಳು ಹರಡಿ, ನೀರು ಚಿಮುಕಿಸಿ ತಟ್ಟಿ. ಒಂದು ತುದಿಯ ಕೆಳಗೆ ಒಂದು ಇಟ್ಟಿಗೆ ಇಡಿ, ಇನ್ನೊಂದು ತುದಿಯಲ್ಲಿ ಮರಳು ತೆಗೆದು ಕಡಲಿಗೆ ಜಾಗ ಬಿಡಿ. ಮೇಲಿನ ತುದಿಗೆ ಸಣ್ಣ ಪೈಪಿನಿಂದ ಪೆನ್ಸಿಲ್ ಸೀಸದಷ್ಟು ದಪ್ಪದ ನೀರು ಬಿಡಿ, ಹೆಚ್ಚು ಬೇಡ. ನಲ್ಲಿ ತಿರುಗಿಸಿಬಿಟ್ಟರೆ ಒಂದೇ ಗುಂಡಿ ಕೊರೆದು ಮರಳೆಲ್ಲ ಕೆಳಗೆ ಹೋಗುತ್ತೆ. ಸಣ್ಣಗೆ ಬಿಟ್ಟರೆ ಕಾಲು ಗಂಟೆಯಲ್ಲಿ ಮೇಲೆ ಕೊರಕಲು, ಕೆಳಗೆ ಬೀಸಣಿಗೆಯಂತೆ ಮರಳಿನ ರಾಶಿ. ಆ ರಾಶಿಯ ಮೇಲೆ ನೀರು ಎಡಕ್ಕೆ ಸ್ವಲ್ಪ ಹೊತ್ತು, ಬಲಕ್ಕೆ ಸ್ವಲ್ಪ ಹೊತ್ತು ಹೊರಳುತ್ತೆ. ಮೇಲೆ ತೊರೆಸಾಲು ಹೇಳಿದ ದಂಡೆ ಒಡೆಯೋದು ಕಣ್ಣೆದುರೇ ಕಾಣುತ್ತೆ.

ತೂಬುಗಂಡಿ

ನೀರಿನ ಲೆಕ್ಕವನ್ನೂ ಒಮ್ಮೆ ಮಾಡಿ. ಒಂದು ಚದರ ಕಿ.ಮೀ. ಮೇಲೆ ಒಂದು ಮಿ.ಮೀ. ಮಳೆ ಅಂದರೆ 10 ಲಕ್ಷ ಲೀಟರ್. ರಾಜಧಾನಿಯ ಮೇಲೆ ಬೆಳ್ದೊರೆಯ ಜಲಾನಯನ 5,000 ಚದರ ಕಿ.ಮೀ., ಸರಾಸರಿ ಮಳೆ 1,000 ಮಿ.ಮೀ., ಅದರಲ್ಲಿ ನೂರಕ್ಕೆ 40 ಭಾಗ ಹೊಳೆಗೆ ಬರುತ್ತೆ ಅಂತ ಇಟ್ಟುಕೊಳ್ಳಿ. ವರ್ಷಕ್ಕೆ 200 ಕೋಟಿ ಘನ ಮೀಟರ್, ಅಂದರೆ ಸುಮಾರು 70 ಟಿಎಂಸಿ (ಒಂದು ಟಿಎಂಸಿ ಅಂದರೆ ನೂರು ಕೋಟಿ ಘನ ಅಡಿ). ಕೆಆರ್‌ಎಸ್ ತುಂಬಿದಾಗ 49.45 ಟಿಎಂಸಿ. ಅದು ಒಮ್ಮೆ ತುಂಬಿ ಇನ್ನೂ ಮಿಗೋ ಹೊಳೆ ಇದು. ಸಣ್ಣದೇನಲ್ಲ.

ಆದರೆ ಆ ನೀರು ವರ್ಷವಿಡೀ ಸಮನಾಗಿ ಬರಲ್ಲ. ನೂರಕ್ಕೆ 90 ಭಾಗ ನಾಲ್ಕು ತಿಂಗಳಲ್ಲಿ ಬಂದರೆ ಆಗ ಸರಾಸರಿ ಹರಿವು 6,000 ಕ್ಯುಸೆಕ್, ಅಂದರೆ ಸೆಕೆಂಡಿಗೆ ಅಷ್ಟು ಘನ ಅಡಿ. ಮಿಕ್ಕ ಎಂಟು ತಿಂಗಳಿಗೆ 350 ಕೂಡ ಇಲ್ಲ. ಹಾಗಾಗಿ ಬೇಸಿಗೆಗೊಂದು, ಮಳೆಗಾಲಕ್ಕೊಂದು ನಕ್ಷೆ ಬರೆಯಿರಿ. ಏಪ್ರಿಲ್‌ನಲ್ಲಿ ಮೊಣಕಾಲುದ್ದ ನೀರಲ್ಲಿ ದಾಟೋ ಜಾಗದಲ್ಲಿ ಜುಲೈನಲ್ಲಿ ಸೇನೆ ದಂಡೆಯಲ್ಲೇ ಕೂರಬೇಕು.

ಅಳಿವೆಕಡೆ

ಹಡಗಿನ ವಿಷಯ ಯಾರೂ ಮುಟ್ಟಲಿಲ್ಲ. 250 ಮೀಟರ್ ಜಲಪಾತ ಹತ್ತಿ ಹಡಗು ಬರುತ್ತಾ? ಜೋಗದ ಎತ್ತರ 253 ಮೀಟರ್, ಒಮ್ಮೆ ಕಣ್ಣ ಮುಂದೆ ತಂದುಕೊಳ್ಳಿ.

ಮೊದಲು ನೀರು. ಬೆಳ್ದೊರೆ ಮೂಡಣಕ್ಕೆ ಹೋದ ಮೇಲೆ ಉಪ್ಪಳಿವೆಗೆ ಬೇರೆ ಹೊಳೆ ಬೇಕು. ಬೆಟ್ಟದ ಪಡುಮಗ್ಗುಲಿಂದ ಒಂದು ಗಿಡ್ಡ, ರಭಸದ ಹೊಳೆ ಇಳಿಸಿ. ಶರಾವತಿ ಇಡೀ ಉದ್ದ 128 ಕಿ.ಮೀ. ಅಷ್ಟೇ. ಜಲಪಾತವೂ ಈ ಹೊಳೆಗೇ ಇರಲಿ, ಘಟ್ಟದ ಅಂಚು ಕಡಿದು ಬೀಳೋದು ಪಡುವಣಕ್ಕೆ. ಬೀಳೋ ನೀರು ಬುಡದ ಬಂಡೆ ಕೊರೆದು ಅಂಚು ಹಿಂದೆ ಹಿಂದೆ ಸರಿಯುತ್ತೆ, ಹಾಗಾಗಿ ಜಲಪಾತದ ಕೆಳಗೆ ಕಡಿದಾದ ಕಣಿವೆ ಬರೆಯಲು ಮರೀಬೇಡಿ.

ದೋಣಿ ಎಲ್ಲಿ ತನಕ? ಉಬ್ಬರದ ನೀರು ಮುಟ್ಟೋ ತನಕ. ಆ ಕೊನೆಯಲ್ಲೇ ಪೇಟೆ ಹುಟ್ಟುತ್ತೆ. ಹೊನ್ನಾವರದ ಅಳಿವೆಯಿಂದ ಸುಮಾರು 30 ಕಿ.ಮೀ. ಒಳಗೆ, ಘಟ್ಟದ ಬುಡದಲ್ಲಿ ಗೇರುಸೊಪ್ಪೆ. ಕಾಳುಮೆಣಸಿನ ರಾಣಿ ಚೆನ್ನಭೈರಾದೇವಿ ಆಳಿದ್ದು ಅಲ್ಲಿಂದ. ಘಟ್ಟ ಇಳಿದ ಸರಕು ದೋಣಿಗೆ ಏರೋ ಜಾಗ ಅದು, ಸುಂಕ ಅಲ್ಲೇ. ವಾರಾಹಿ ದಂಡೆಯ ಬಸ್ರೂರು, ಸೀತಾ ಹೊಳೆಯ ಬಾರ್ಕೂರು ಕೂಡ ಹೀಗೇ ಕಡಲಿಗೆ ಮುಖ ಕೊಡದೆ ಒಳಗೆ ಕೂತ ಬಂದರುಗಳು. ಅಂಥ ಒಂದು ಪೇಟೆ ನಿಮಗೂ ಬೇಕು.

ಹೇರೆತ್ತು

ಒಪ್ಪಿದೆ. ದಿನದ ಲೆಕ್ಕ ಹೀಗಿಡಿ. ಅಳಿವೆಯಿಂದ ಆ ಪೇಟೆಗೆ 30 ಕಿ.ಮೀ.: ಉಬ್ಬರ ಏರೋವಾಗ ಬಿಟ್ಟರೆ ಎರಡು ಉಬ್ಬರದಲ್ಲಿ ತಲುಪಬಹುದು, ನಡುವಿನ ಇಳಿತದಲ್ಲಿ ದೋಣಿ ಕಟ್ಟಿ ಕೂರಬೇಕು. ಅಲ್ಲಿಂದ ಘಟ್ಟ ಹತ್ತೋದು ಹೇರೆತ್ತಿನ ಮೇಲೆ. ಹೊರೆ ಹೊತ್ತ ಎತ್ತು ಏರುದಾರಿಯಲ್ಲಿ ದಿನಕ್ಕೆ 12 ಕಿ.ಮೀ., ಬಯಲಲ್ಲಿ 18 ಅಂತ ಹಿಡಿಯಿರಿ. ಘಟ್ಟಕ್ಕೆ ಎರಡು ದಿನ, ಮೇಲೆ ಹೊಳೆದಂಡೆ ತಲುಪಲು ಇನ್ನೆರಡು. ಆಮೇಲೆ ಹರಿಗೋಲು. ಹೊಳೆ ಗಂಟೆಗೆ ಮೂರ್ನಾಲ್ಕು ಕಿ.ಮೀ. ಹರಿದರೆ ಹಗಲಿಗೆ 30 ಕಿ.ಮೀ. ಸಾಗುತ್ತೆ.

ಹರಿಗೋಲು ಇಳಿಯೋಕೆ ಮಾತ್ರ. ಬಿದಿರು ಹೆಣೆದು ತೊಗಲು ಹೊದಿಸಿದ ದುಂಡನೆಯ ಬುಟ್ಟಿ, ಹರಿವಿಗೆ ಎದುರಾಗಿ ಹೋಗಲ್ಲ. ಕೆಳಗೆ ಹೋದ ಮೇಲೆ ಬೆನ್ನಿಗೆ ಕವಚಿ ಹಾಕಿಕೊಂಡು ನಡೆದೇ ಬರಬೇಕು.

ನಕ್ಷೆ ಮೇಲಿನ ನೇರ ದೂರ ಲೆಕ್ಕಕ್ಕೆ ಹಿಡೀಬೇಡಿ. ಬಯಲಲ್ಲಿ ಹೊಳೆ ಅಂಕುಡೊಂಕು, ನೇರ ದೂರವನ್ನು ಒಂದೂವರೆಯಿಂದ ಗುಣಿಸಿ. ಕೆಳಬಯಲಿನಲ್ಲಿ ಒಂದು ಪೂರ್ತಿ ತಿರುವಿನ ಉದ್ದ ಹೊಳೆಯ ಅಗಲದ ಹತ್ತರಿಂದ ಹದಿನಾಲ್ಕು ಪಟ್ಟು ಇರುತ್ತೆ. 100 ಮೀಟರ್ ಅಗಲದ ಹೊಳೆಗೆ 20 ಕಿ.ಮೀ.ಗೊಂದು ದೊಡ್ಡ ತಿರುವು ಹಾಕಿದರೆ ಹಾವಿನ ಹಾಗೆ ಕಾಣುತ್ತೆ, ಹೊಳೆಯ ಹಾಗೆ ಅಲ್ಲ.

ನಕ್ಷೆಪೆಟ್ಟಿಗೆ

ಎರಡು ಚಂದ್ರ ಇದ್ದರೆ ಉಬ್ಬರ ಹೇಗೆ?

ಅಳಿವೆಕಡೆ

ನಮ್ಮ ಒಂದೇ ಚಂದ್ರನಿಗೆ ದಿನಕ್ಕೆ ಎರಡು ಉಬ್ಬರ, ದಿನದಿಂದ ದಿನಕ್ಕೆ ಸುಮಾರು 50 ನಿಮಿಷ ತಡ. ಅಮಾವಾಸ್ಯೆ, ಹುಣ್ಣಿಮೆಗೆ ದೊಡ್ಡದು, ಅಷ್ಟಮಿ ಹೊತ್ತಿಗೆ ಸಣ್ಣದು. ಚಂದ್ರನ ಎಳೆತ ಉಬ್ಬರದ ಮಟ್ಟಿಗೆ ದೂರದ ಘನಕ್ಕೆ ವಿಲೋಮ. ಎರಡನೇ ಚಂದ್ರ ಅಷ್ಟೇ ತೂಕದ್ದು, ಅರ್ಧ ದೂರದಲ್ಲಿದ್ದರೆ ಎಂಟು ಪಟ್ಟು ಎಳೆಯುತ್ತೆ, ಕರಾವಳಿಯ ಊರೆಲ್ಲ ಮುಳುಗುತ್ತೆ. ಸಣ್ಣ ಚಂದ್ರ ಇಡಿ. ಇಬ್ಬರೂ ಒಂದೇ ಗೆರೆಯಲ್ಲಿ ಬಂದ ದಿನ ದೊಡ್ಡ ಉಬ್ಬರ, ಅಡ್ಡಡ್ಡ ನಿಂತ ದಿನ ಸಣ್ಣದು.

ಕಥೆಗೆ ಇದು ಬಂಗಾರದಂಥ ವಿಷಯ. ಅಳಿವೆಯ ಬಾಯಲ್ಲಿ ಯಾವಾಗಲೂ ಮರಳದಿಬ್ಬ ಇರುತ್ತೆ. ಭಾರದ ಹಡಗು ತುಂಬು ಉಬ್ಬರದಲ್ಲಿ ಮಾತ್ರ ಅದನ್ನು ದಾಟಬಹುದು. ಎರಡು ಚಂದ್ರರ ಪಂಚಾಂಗ ಗೊತ್ತಿರೋ ನಾವಿಕನೇ ಉಪ್ಪಳಿವೆಯ ದೊರೆ.

ಇನ್ನೊಂದು, ಉಬ್ಬರದ ಜೊತೆ ಉಪ್ಪುನೀರು ಒಳಗೆ ಬರುತ್ತೆ, ಬೇಸಿಗೆಯಲ್ಲಿ ಹೆಚ್ಚು ದೂರ. ಅಲ್ಲಿ ಸಾಮಾನ್ಯ ಭತ್ತ ಬರೆಯಬೇಡಿ. ಅಘನಾಶಿನಿಯ ಗಜನಿ ಗದ್ದೆಗಳಲ್ಲಿ ಉಪ್ಪು ತಾಳೋ ಕಗ್ಗ ಭತ್ತ ಬೆಳೀತಾರೆ. ಮಳೆಗಾಲದಲ್ಲಿ ಕಟ್ಟೆಯೊಳಗಿನ ಉಪ್ಪು ತೊಳೆದು ಹೋದ ಮೇಲೆ ಬಿತ್ತನೆ, ಕೊಯ್ಲಾದ ಮೇಲೆ ಅದೇ ಗದ್ದೆಗೆ ಉಬ್ಬರದ ನೀರು ಬಿಟ್ಟು ಸಿಗಡಿ, ಮೀನು.

ಎರೆಹೊಲ

ಹೆಸರಿನ ಬಗ್ಗೆ ಒಂದ್ ಮಾತ್ರೀ. ಬೆಳ್ದೊರೆ ಭಾಳ ಚಲೋ ಹೆಸರು, ಹಳಗನ್ನಡದಾಗ ಕೃಷ್ಣಾನದಿಗೆ ಪೆರ್ದೊರೆ ಅಂತಿದ್ರು. ಆದ್ರ ಇಡೀ ನಾಡಿಗೆ ಹೊಳಿ, ತೊರೆ ಅಂತ ಒಂದೇ ನಮೂನಿ ಹೆಸರು ಇಡಬ್ಯಾಡ್ರಿ. ಕರಾವಳಿಯೊಳಗ ನಡುಗಡ್ಡಿಗೆ ಕುದ್ರು ಅಂತಾರ, ಕೃಷ್ಣಾ ದಂಡಿಗೆ ಗಡ್ಡಿ ಅಂತೀವಿ. ಹಳ್ಳ ಅಂದ್ರ ತೆಂಕಣದವರಿಗೆ ಸಣ್ಣ ಕಾಲುವಿ. ನಮ್ಮ ಕಡೆ ಬೆಣ್ಣಿಹಳ್ಳ ಬಂತಂದ್ರ ಎರಿ ಹೊಲಾನೇ ಹೊತ್ಕೊಂಡು ಹೋಗಿ ಮಲಪ್ರಭಾಕ್ಕ ಸುರೀತೈತಿ.

ಮಲೆಮಳೆ

ಮಲೆನಾಡಲ್ಲಿ ಜಲಪಾತಕ್ಕೆ ಅಬ್ಬಿ. ಘಟ್ಟದ ಊರುಗಳಿಗೆ ಅದನ್ನೇ ಹಚ್ಚಿ.

ತೂಬುಗಂಡಿ

ಒಣಮಾಳ ಬೆಟ್ಟದ ಮರೆಗೆ ಬಂದರೆ ಅಲ್ಲಿ ಕೆರೆಗಳ ಸಾಲು ಹಾಕಿ. ಮೇಲಿನ ಕೆರೆಯ ಕೋಡಿ ಬಿದ್ದ ನೀರು ಕೆಳಗಿನ ಕೆರೆಗೆ, ಅದರ ಕೋಡಿ ಇನ್ನೂ ಕೆಳಗಿನದಕ್ಕೆ. ತೂಬಿನಿಂದ ಬಿಟ್ಟ ನೀರು ಗದ್ದೆಗೆ. ಕೋಡಿಯನ್ನೂ ತೂಬನ್ನೂ ಒಂದೇ ಅಂತ ಬರೆದರೆ ಹಳ್ಳಿಯ ಓದುಗ ಅಲ್ಲೇ ನಿಲ್ಲುತ್ತಾನೆ.

ದೊಡ್ಡ ಕಟ್ಟೆ ಬೇಕಾದರೆ ಎರಡು ಗುಡ್ಡ ಹತ್ತಿರ ಬರೋ ಕಣಿವೆ ಹುಡುಕಿ. ಹಿರಿಯೂರಿನ ಹತ್ತಿರ ವೇದಾವತಿಗೆ ಮಾರಿಕಣಿವೆಯಲ್ಲಿ ಕಟ್ಟಿದ ವಾಣಿವಿಲಾಸ ಸಾಗರ ಅಂಥದ್ದು. ಜಾಗವೇನೋ ಅಪರೂಪದ್ದು, ಹಿಡಿಯೋದು 30 ಟಿಎಂಸಿ, ಆದರೆ ಮೇಲೆ ಮಳೆ ಸಾಲದು. 1933ರಲ್ಲಿ ತುಂಬಿ ಕೋಡಿ ಬಿದ್ದದ್ದು, ಮತ್ತೆ ಬಿದ್ದದ್ದು 2022ರಲ್ಲಿ. ಮೂರು ತಲೆಮಾರು ಕೋಡಿ ಕಾಣದ ಊರು ಅನ್ನೋದು ಕಥೆಗೆ ಎಷ್ಟು ದೊಡ್ಡ ವಿಷಯ ನೋಡಿ.

ತೊರೆಸಾಲು

ಏಳುಮಡುವಿಗೆ ಇನ್ನೊಂದು ದಾರಿ ಇದೆ: ಹೊರಬಾಯಿಯೇ ಬೇಡ. ಒಣನಾಡಲ್ಲಿದ್ದರೆ ಬಂದ ನೀರೆಲ್ಲ ಆವಿಯಾಗಿ ಹೋಗುತ್ತೆ, ಉಪ್ಪು ಉಳಿಯುತ್ತೆ. ವಿಸ್ತಾರದ ಲೆಕ್ಕ ಸುಲಭ. ವರ್ಷಕ್ಕೆ 20 ಕೋಟಿ ಘನ ಮೀಟರ್ ನೀರು ಬಂದು, ಮಳೆ ಕಳೆದು ನಿವ್ವಳ ಒಂದು ಮೀಟರ್ ಆವಿಯಾದರೆ ಸರೋವರ 200 ಚದರ ಕಿ.ಮೀ.ಗೆ ನಿಲ್ಲುತ್ತೆ. ಬರ ಬಂದರೆ ಕುಗ್ಗಿ ಅಂಚಲ್ಲಿ ಬಿಳಿ ಉಪ್ಪಿನ ಪಟ್ಟಿ.

ನಕ್ಷೆಪೆಟ್ಟಿಗೆ

ಎಲ್ಲರಿಗೂ ಶರಣು. ತಿದ್ದಿದ ನಕ್ಷೆ ಹೀಗಿದೆ.

ಬೆಳ್ದೊರೆ ಕೋಡುಗಲ್ಲಿನ ಪೂರ್ವಮಗ್ಗುಲಲ್ಲಿ 900 ಮೀಟರ್ ಎತ್ತರದಲ್ಲಿ ಹುಟ್ಟಿ ಮೂಡುಗಡಲಿಗೆ, ತಿರುವು ಸೇರಿ 690 ಕಿ.ಮೀ. ಪಡುವಣಕ್ಕೆ ನೊರೆಯಬ್ಬಿ ಅನ್ನೋ ಹೊಸ ಹೊಳೆ, ಜಲಪಾತ ಅದಕ್ಕೆ. ಜಲಪಾತದ ಕೆಳಗೆ, ಉಬ್ಬರದ ಕೊನೆಗೆ ಸುಂಕದ ಪೇಟೆ ಹೇರುಕಟ್ಟೆ. ಹೊನ್ನಗೂಡಲು ಬೆಳ್ದೊರೆಗೆ ಉಪಹೊಳೆ ಕೂಡೋ ಜಾಗಕ್ಕೆ ಬಂತು, ಹೊಳೆದಂಡೆಯ ಕಡವಿನಿಂದ 90 ಕಿ.ಮೀ. ಕೆಳಗೆ. ಬಂದರಿನಿಂದ ರಾಜಧಾನಿಗೆ ಒಂದು ದಿನ ದೋಣಿ, ನಾಲ್ಕು ದಿನ ಎತ್ತು, ಮೂರು ದಿನ ಹರಿಗೋಲು, ಒಟ್ಟು ಎಂಟು. ಒಣಮಾಳ ಬೆಟ್ಟದ ಮರೆಗೆ, ಅದರ ನಡುವೆ ಉಪ್ಪುನೀರಿನ ಏಳುಮಡು. ಕೆರೆಸಾಲಿನ ಹಳ್ಳಿಗಳನ್ನು ನೀರಿನ ಅಂಚಿಗೇ, ಏರಿಯ ಒಳಗಡೆ ಇಟ್ಟಿದ್ದೇನೆ.

ತೂಬುಗಂಡಿ

ಉಳಿದದ್ದೆಲ್ಲ ಸರಿ. ಹಳ್ಳಿ ಏರಿಯ ಒಳಗಡೆ ಬೇಡ, ಕೆರೆ ತುಂಬಿದ ವರ್ಷ ಮನೆಗಳೆಲ್ಲ ಮುಳುಗುತ್ತವೆ. ಏರಿಯ ಒಂದು ತುದಿಗೆ, ಕೋಡಿ ಇಲ್ಲದ ಕಡೆಗೆ, ಗಟ್ಟಿ ದಿಬ್ಬದ ಮೇಲೆ ಇಡಿ. ಗದ್ದೆ ಏರಿಯ ಹಿಂದೆ.

ಹೇರೆತ್ತು

ಎಂಟು ದಿನ ಅನ್ನೋದು ಬೇಸಿಗೆ ಶುರುವಿನ ಲೆಕ್ಕ. ಮಳೆಗಾಲಕ್ಕೆ ಬೇರೆ ಬರೆಯಿರಿ. ಜೂನ್‌ನಿಂದ ಆಗಸ್ಟ್ ತನಕ ಪಡುಗಡಲಲ್ಲಿ ಹಾಯಿ ಹಡಗು ಇಳಿಯಲ್ಲ, ಉಪ್ಪಳಿವೆ ಮುಚ್ಚಿರುತ್ತೆ.